ಮಿಜೋ ಅಂದರೆ ಯಾರು?

ದಿಲ್ಲಿಯಲ್ಲೋ ಪುಣೆಯಲ್ಲೋ ಮಿಜೋ ಹುಡುಗರನ್ನು ಕಂಡು ‘ಚೀನಾದವರಾ?’ ಅನ್ನೋರನ್ನು ನೀವೂ ನೋಡಿರಬಹುದು. ಹೊರಗಿನವರು ಇವರಿಗೆ ಹೆಸರಿಡೋದು ಹೊಸದೇನಲ್ಲ. ಬ್ರಿಟಿಷರು ‘ಲುಶಾಯಿ’ ಅಂತ ಬರೆದುಕೊಂಡರು. ‘ಮಿ’ ಅಂದರೆ ಮನುಷ್ಯ, ‘ಜೋ’ ಅಂದರೆ ಗುಡ್ಡ. ತಮ್ಮದೇ ಆದ ಈ ಹೆಸರು ಜಿಲ್ಲೆಗೆ ಸಿಕ್ಕಿದ್ದು 1954ರಲ್ಲಿ.

ಹಳೆಯ ಕಥೆಯ ಪ್ರಕಾರ ಇವರೆಲ್ಲ ‘ಛಿನ್‌ಲುಂಗ್’ ಎಂಬ ಬಂಡೆಯಡಿಯಿಂದ ಹೊರಬಂದವರು. ಭಾಷೆ ಟಿಬೆಟೋ-ಬರ್ಮನ್ ಕುಟುಂಬದ್ದು. ಅದಕ್ಕೆ ರೋಮನ್ ಲಿಪಿ ಹೊಂದಿಸಿದವರು 1894ರಲ್ಲಿ ಬಂದ ಕ್ರೈಸ್ತ ಮಿಷನರಿಗಳು. ಇವತ್ತು ಬಹುತೇಕರು ಕ್ರೈಸ್ತರೇ.

ಆದರೆ 1950ರ ದಶಕದಿಂದ ಕೆಲವರು, ‘ನಾವು ಇಸ್ರೇಲಿನ ಕಳೆದುಹೋದ ಮನಸ್ಸೆ ಕುಲದವರು’ ಅನ್ನತೊಡಗಿದರು. 2005ರಲ್ಲಿ ಅಲ್ಲಿನ ಮುಖ್ಯ ರಬ್ಬಿ ಶ್ಲೋಮೋ ಅಮರ್ ಇದನ್ನು ಒಪ್ಪಿದ್ದೂ ಆಯಿತು. ವಿಚಿತ್ರ ನೋಡಿ, ಪೂರ್ವಜರ ಧರ್ಮಕ್ಕೆ ಮರಳುತ್ತೇವೆ ಅಂದವರೂ ವಿಧಿಪ್ರಕಾರ ಯಹೂದಿ ಧರ್ಮಕ್ಕೆ ಮತಾಂತರವಾಗಲೇಬೇಕಾಯಿತು.