ಮದ್ಯವ್ಯಸನದ ಚಿಕಿತ್ಸೆ: ಎಲ್ಲಿ ದೊರೆಯುತ್ತದೆ, ಎಲ್ಲಿ ತಪ್ಪುತ್ತದೆ

ಬೇಳೆ ಗಿರಣಿಯಾಗಲಿ, ಹತ್ತಿಯ ಜಿನ್ನಿಂಗ್ ಕಾರ್ಖಾನೆಯಾಗಲಿ, ಅಡತಿ ಅಂಗಡಿಯಾಗಲಿ, ಅದರ ಆರು ತಿಂಗಳ ಹಾಜರಿ ಪುಸ್ತಕವನ್ನು ಮುಂಗಡದ ಖಾತೆಯ ಪಕ್ಕದಲ್ಲಿಟ್ಟು ನೋಡಿದರೆ ಕೆಲವು ಹೆಸರುಗಳ ಮುಂದೆ ಒಂದೇ ಬಗೆಯ ಗುರುತು ಕಾಣುತ್ತದೆ. ಬಟವಾಡೆಯ ಮರುದಿನ ಗೈರುಹಾಜರಿ, ತಿಂಗಳ ಎರಡನೆಯ ವಾರದಲ್ಲಿಯೇ ಮುಂಗಡ, ಸಂತೆಯ ಮರುದಿನ ಮತ್ತೆ ಗೈರುಹಾಜರಿ. ಕೆಲಸಕ್ಕೆ ಬಾರದ ದಿನಕ್ಕೆ ಕೂಲಿ ಕೊಡಬೇಕಿಲ್ಲವಾದ್ದರಿಂದ ನಷ್ಟವೇನೂ ಇಲ್ಲವೆಂದು ಮಾಲೀಕರು ಭಾವಿಸುವುದುಂಟು. ಇದು ಸರಿಯಾದ ಲೆಕ್ಕವಲ್ಲ.

ಹನ್ನೆರಡು ಜನರು ದುಡಿಯುವ ಒಂದು ಗಿರಣಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಯಂತ್ರ ನಡೆಸಬಲ್ಲವನು ಒಬ್ಬನೇ. ಅವನ ತಿಂಗಳ ಸಂಬಳ ₹16,000. ಅವನು ತಿಂಗಳಲ್ಲಿ ಐದು ದಿನ ಬಾರದೆ, ಅದರಲ್ಲಿ ಮೂರು ದಿನ ಯಂತ್ರ ನಿಂತಿತೆಂದರೆ, ಉಳಿದ ಹನ್ನೊಂದು ಜನರಿಗೆ ದಿನಕ್ಕೆ ₹500ರಂತೆ ಖಾಲಿ ಕುಳಿತ ಕೂಲಿಯೇ ₹16,500 ಆಗುತ್ತದೆ. ವಿದ್ಯುತ್ತಿನ ನಿಗದಿತ ಶುಲ್ಕ, ದಾಸ್ತಾನಿನ ಮೇಲಿನ ಬ್ಯಾಂಕ್ ಬಡ್ಡಿ, ಮಾತು ಕೊಟ್ಟ ದಿನಕ್ಕೆ ತಲುಪದ ಮಾಲು ಇವೆಲ್ಲ ಬೇರೆ. ಅಂದರೆ ಒಬ್ಬನ ಗೈರುಹಾಜರಿಯ ವೆಚ್ಚ ಅವನ ಸಂಬಳವನ್ನೇ ಮೀರುತ್ತದೆ. ಅವನನ್ನು ತೆಗೆದುಹಾಕಿದರೆ ಕೈಸಾಲದ ಬಾಕಿಯೂ ಹೋಗುತ್ತದೆ, ಕಲಿತ ಕೈಯೂ ಹೋಗುತ್ತದೆ. ಆದುದರಿಂದ ಚಿಕಿತ್ಸೆಯ ಮಾರ್ಗ ತಿಳಿದಿರುವುದು ದಯೆಯ ವಿಷಯ ಮಾತ್ರವಲ್ಲ, ವ್ಯವಹಾರದ ವಿಷಯವೂ ಹೌದು.

ಕೊರತೆಯ ಪ್ರಮಾಣ

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯವು ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಮೂಲಕ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ದೇಶದಲ್ಲಿ 10ರಿಂದ 75 ವರ್ಷದೊಳಗಿನವರಲ್ಲಿ ಶೇ. 14.6ರಷ್ಟು, ಅಂದರೆ ಸುಮಾರು 16 ಕೋಟಿ ಜನರು ಮದ್ಯ ಸೇವಿಸುತ್ತಾರೆ. ಅವರಲ್ಲಿ ಸುಮಾರು 5.7 ಕೋಟಿ ಜನರಿಗೆ ಒಂದಲ್ಲ ಒಂದು ಬಗೆಯ ನೆರವು ಬೇಕು. ಆದರೆ ಮದ್ಯಕ್ಕೆ ಅಂಟಿಕೊಂಡ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ದೊರೆತಿದೆ. ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಚಿಕಿತ್ಸೆ ಪಡೆದವರು 180ರಲ್ಲಿ ಒಬ್ಬರು. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯೂ ಮದ್ಯವ್ಯಸನಿಗಳಲ್ಲಿ ಚಿಕಿತ್ಸೆ ದೊರೆಯದವರ ಪ್ರಮಾಣ ಶೇ. 86ರಷ್ಟೆಂದು ಕಂಡುಕೊಂಡಿತು.

ವೈದ್ಯರ ಸಂಖ್ಯೆಯೇ ಇದಕ್ಕೆ ಮೊದಲ ಕಾರಣ. ದೇಶದಲ್ಲಿ ಒಂದು ಲಕ್ಷ ಜನಸಂಖ್ಯೆಗೆ ಮನೋವೈದ್ಯರ ಸಂಖ್ಯೆ 0.75 ಎಂದು ಸಂಸದೀಯ ಸಮಿತಿಯು 2023ರಲ್ಲಿ ಗುರುತಿಸಿದೆ. 2011ರ ಜನಗಣತಿಯಂತೆ ವಿಜಯಪುರ ಜಿಲ್ಲೆಯ ಜನಸಂಖ್ಯೆ 21,77,331. ರಾಷ್ಟ್ರೀಯ ಸರಾಸರಿ ಇಲ್ಲಿಗೂ ಅನ್ವಯಿಸುತ್ತದೆಂದು ಇಟ್ಟುಕೊಂಡರೂ ಇಡೀ ಜಿಲ್ಲೆಗೆ ಬರುವ ಪಾಲು ಹದಿನಾರು ಜನ. ಎಲ್ಲ ಕಡೆಗಳಂತೆ ಇಲ್ಲಿಯೂ ತಜ್ಞರು ಜಿಲ್ಲಾ ಕೇಂದ್ರದ ಆಸ್ಪತ್ರೆ ಮತ್ತು ವೈದ್ಯಕೀಯ ಕಾಲೇಜುಗಳ ಸುತ್ತ ಇರುವುದು ಸಹಜ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹಳ್ಳಿಗಳವರು ಅಲ್ಲಿಗೆ ಹೋಗಬೇಕು.

ಸರಕಾರಿ ಚಿಕಿತ್ಸೆ ಉಚಿತ ಎನ್ನುವ ಮಾತನ್ನು ಇಲ್ಲಿ ಸ್ವಲ್ಪ ಬಿಡಿಸಿ ನೋಡಬೇಕು. ಸಿಂದಗಿ ತಾಲ್ಲೂಕಿನ ಕನ್ನೊಳ್ಳಿಯ ಹಮಾಲನೊಬ್ಬ ವಿಜಯಪುರಕ್ಕೆ ಹೋಗಿ ಬರಬೇಕೆಂದರೆ ಒಂದು ದಿನದ ದುಡಿಮೆ ಹೋಯಿತು. ಜೊತೆಗೆ ಬರುವವರದೂ ಹೋಯಿತು. ಧಾರವಾಡಕ್ಕಾದರೆ ಎರಡು ದಿನ. ದಿನಕ್ಕೆ ₹500ರಂತೆ ಇಬ್ಬರಿಗೆ ಎರಡು ದಿನಕ್ಕೆ ₹2,000. ಬಸ್ಸಿನ ಖರ್ಚು, ಊಟ ಬೇರೆ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಜೊತೆಗೆ ಹೋಗುವ ಹೆಂಡತಿಯ ಅಥವಾ ತಾಯಿಯ ಟಿಕೆಟ್ ಉಳಿದಿದೆ, ಅಷ್ಟೇ. ವ್ಯಸನದ ಚಿಕಿತ್ಸೆ ಒಂದು ಸಲದ್ದಲ್ಲ, ತಿಂಗಳು ತಿಂಗಳು ಹೋಗಬೇಕಾದದ್ದು. ಮೂರನೆಯ ಭೇಟಿಗೆ ಬಹುಪಾಲು ಜನರು ನಿಂತುಹೋಗುವುದು ಮನಸ್ಸಿನ ದೌರ್ಬಲ್ಯದಿಂದಲೇ ಎಂದು ತಿಳಿಯುವ ಮೊದಲು ಈ ಲೆಕ್ಕವನ್ನು ನೋಡುವುದೊಳ್ಳೆಯದು.

ಬಾಗಿಲುಗಳು ಯಾವುವು

ಮೊದಲನೆಯದು ದೂರವಾಣಿ. ಕೇಂದ್ರ ಸರಕಾರದ ವ್ಯಸನಮುಕ್ತಿ ಸಹಾಯವಾಣಿಯ ಸಂಖ್ಯೆ 14446. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಂಖ್ಯೆ 14416. ಇದರಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ಎರಡಕ್ಕೂ ಶುಲ್ಕವಿಲ್ಲ. ಸಮೀಪದ ಕೇಂದ್ರ ಯಾವುದು, ಹಾಸಿಗೆ ಖಾಲಿ ಇದೆಯೇ ಎಂದು ಮಾಲೀಕರು ಸಹ ಕರೆ ಮಾಡಿ ಕೇಳಬಹುದು. ಎರಡನೆಯದು ತಾಲ್ಲೂಕು ಆಸ್ಪತ್ರೆ. ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಬರುವ ‘ಮನೋಚೈತನ್ಯ’ ಕಾರ್ಯಕ್ರಮವನ್ನು ರಾಜ್ಯ ಸರಕಾರವು 2014ರಲ್ಲಿ ಹಮ್ಮಿಕೊಂಡಿತು. ತಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂಬುದನ್ನು ಆಸ್ಪತ್ರೆಯಲ್ಲಿ ವಿಚಾರಿಸಿಕೊಂಡು ಅಂದು ನೌಕರನಿಗೆ ಅರ್ಧ ದಿನ ಬಿಡುವು ಕೊಟ್ಟರೆ ದೂರದ ಪ್ರಯಾಣ ಎಷ್ಟೋ ತಪ್ಪುತ್ತದೆ. ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದ ಬಳ್ಳಾರಿಯ ಪ್ರಯೋಗ ಎಂಬುದನ್ನು ಇಲ್ಲಿ ನೆನೆಯಬಹುದು. ಹಳ್ಳಿಯ ರೋಗಿಯನ್ನು ಹಳ್ಳಿಯ ಹತ್ತಿರವೇ ನೋಡಬಹುದೆಂದು ತೋರಿಸಿದ್ದು ಈ ಭಾಗವೇ.

ಇನ್ನು ವಿಜಯಪುರದ ಜಿಲ್ಲಾ ಆಸ್ಪತ್ರೆ, ವೈದ್ಯಕೀಯ ಕಾಲೇಜುಗಳ ಮನೋವೈದ್ಯ ವಿಭಾಗಗಳು, ಧಾರವಾಡದ ಡಿಮ್ಹಾನ್ಸ್ ಮತ್ತು ತೀರ ಕಠಿಣ ಪ್ರಕರಣಗಳಿಗೆ ಬೆಂಗಳೂರಿನ ನಿಮ್ಹಾನ್ಸ್ ಇವೆ. ಕೇಂದ್ರ ಸಚಿವಾಲಯದ ಅನುದಾನದಿಂದ ಸ್ವಯಂಸೇವಾ ಸಂಸ್ಥೆಗಳು ನಡೆಸುವ ವ್ಯಸನಿಗಳ ಸಮಗ್ರ ಪುನರ್ವಸತಿ ಕೇಂದ್ರಗಳಲ್ಲಿಯೂ ಉಚಿತವಾಗಿ ಇರಿಸಿಕೊಂಡು ಚಿಕಿತ್ಸೆ ನೀಡಲಾಗುತ್ತದೆ.

ಈ ಭಾಗದ ಜನರಿಗೆ ಆಸ್ಪತ್ರೆಗಿಂತ ಮಠ ಹತ್ತಿರ. ಇಳಕಲ್ಲಿನ ಚಿತ್ತರಗಿ ಸಂಸ್ಥಾನ ಮಠದ ಡಾ. ಮಹಾಂತ ಸ್ವಾಮಿಗಳು ಊರೂರು ತಿರುಗಿ ಜೋಳಿಗೆ ಹಿಡಿದು ದುಶ್ಚಟಗಳನ್ನು ಭಿಕ್ಷೆ ಬೇಡಿದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1 ರಾಜ್ಯದಲ್ಲಿ ವ್ಯಸನಮುಕ್ತ ದಿನ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಜನಜಾಗೃತಿ ವೇದಿಕೆಯು ಮದ್ಯವರ್ಜನ ಶಿಬಿರಗಳನ್ನು ನಡೆಸಿ, ಬಿಟ್ಟವರನ್ನು ನವಜೀವನ ಸಮಿತಿಗಳಲ್ಲಿ ಒಟ್ಟುಗೂಡಿಸುತ್ತದೆ. ಊರಿನವರೆದುರು ಕೊಟ್ಟ ಮಾತಿಗೆ ಇಲ್ಲಿರುವ ಬಲ ಔಷಧಿಗೆ ಇರದು. ಆದರೂ ಹಲವು ವರ್ಷ ದಿನನಿತ್ಯ ಬೆಳಗಿನಿಂದಲೇ ಕುಡಿಯುತ್ತಿದ್ದವನನ್ನು ವೈದ್ಯರಿಗೆ ತೋರಿಸದೆ ಪ್ರತಿಜ್ಞೆಗೆ ಮಾತ್ರ ಕರೆದೊಯ್ಯುವುದು ಅಪಾಯಕರ.

ಕಾರಣ ಹೀಗಿದೆ. ದೇಹವು ಮದ್ಯಕ್ಕೆ ಒಗ್ಗಿದ ಮೇಲೆ ಅದು ಒಮ್ಮೆಲೇ ನಿಂತರೆ ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು, ನಿದ್ರಾಹೀನತೆ ತೋರುತ್ತವೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡು ಮೂರನೆಯ ದಿನದಲ್ಲಿ ಬುದ್ಧಿಭ್ರಮಣೆ ಉಂಟಾಗಿ ಇಲ್ಲದ್ದನ್ನು ಕಂಡಂತೆ ಮಾತನಾಡಬಹುದು. ಇದು ಪ್ರಾಣಕ್ಕೂ ಎರವಾಗುತ್ತದೆ. ಕೋಣೆಯಲ್ಲಿ ಕೂಡಿಹಾಕಿ ಕುಡಿತ ಬಿಡಿಸುವ ಪದ್ಧತಿಯಿಂದ ಸಾವುಗಳು ಸಂಭವಿಸುವುದು ಹೀಗೆಯೇ. ಆಸ್ಪತ್ರೆಯಲ್ಲಿ ಈ ವಾರವನ್ನು ಶಾಮಕ ಔಷಧ ಮತ್ತು ಬಿ-1 ಜೀವಸತ್ವದ ನೆರವಿನಿಂದ ದಾಟಿಸುತ್ತಾರೆ. ಕುಡುಕನಿಗೆ ತಿಳಿಯದಂತೆ ಊಟದಲ್ಲಿ ಬೆರೆಸುವ ಪುಡಿಗಳ ಜಾಹೀರಾತನ್ನು ನಂಬಬಾರದು. ಡೈಸಲ್ಫಿರಾಂ ಎಂಬ ಔಷಧವನ್ನು ರೋಗಿಗೆ ತಿಳಿಸಿ, ಅವನ ಒಪ್ಪಿಗೆಯಿಂದಲೇ ಕೊಡಬೇಕು. ಅದು ಹೊಟ್ಟೆಯಲ್ಲಿರುವಾಗ ಅರಿಯದೆ ಮದ್ಯ ಕುಡಿದರೆ ರಕ್ತದೊತ್ತಡ ಕುಸಿದು ಜೀವಕ್ಕೆ ಅಪಾಯವಾಗಬಹುದು.

ಖಾಸಗಿ ಕೇಂದ್ರವನ್ನು ಆರಿಸುವಾಗ ಕೇಳಬೇಕಾದದ್ದು ಮುಖ್ಯವಾಗಿ ನೋಂದಣಿ. 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಪಾಲನೆ ಕಾಯ್ದೆ, 2017ರ ಪ್ರಕಾರ ಇಂಥ ರೋಗಿಗಳನ್ನು ಇರಿಸಿಕೊಂಡು ಚಿಕಿತ್ಸೆ ನೀಡುವ ಕೇಂದ್ರವು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಾಯಿಸಿಕೊಂಡಿರಬೇಕು. ಸರಪಳಿ ಕಟ್ಟುವುದು ನಿಷಿದ್ಧ. ನೋಂದಣಿ ಪತ್ರ ತೋರಿಸದ, ವೈದ್ಯರ ಹೆಸರು ಹೇಳದ, ಮನೆಯವರ ಭೇಟಿಗೆ ತಿಂಗಳುಗಟ್ಟಲೆ ಅವಕಾಶ ಕೊಡದ, ಮೂರು ತಿಂಗಳ ಹಣವನ್ನು ಒಟ್ಟಿಗೆ ಕೇಳುವ ಸ್ಥಳಕ್ಕೆ ಯಾರನ್ನೂ ಸೇರಿಸದಿರುವುದೇ ಲೇಸು.

ಹಣ ಯಾರು ಕೊಡುತ್ತಾರೆ

ಹತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಇ.ಎಸ್.ಐ. ಅನ್ವಯಿಸುತ್ತದೆ. 2019ರ ಜುಲೈಯಿಂದ ಮಾಲೀಕರ ವಂತಿಗೆ ಶೇ. 3.25, ನೌಕರನದು ಶೇ. 0.75 ಎಂದು ನಿಗದಿಯಾಯಿತು. ನಿಗದಿತ ದಿನಗಳ ವಂತಿಗೆ ತುಂಬಿದ ನೌಕರನಿಗೆ ವೈದ್ಯರ ಪ್ರಮಾಣಪತ್ರದ ಮೇಲೆ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇ. 70ರಷ್ಟು ಅನಾರೋಗ್ಯ ಭತ್ಯೆ ದೊರೆಯುತ್ತದೆ. ಚಿಕಿತ್ಸೆಯ ದಿನಗಳಲ್ಲಿ ಮನೆ ನಡೆಯುವುದು ಹೇಗೆ ಎಂಬ ಪ್ರಶ್ನೆಗೆ ಇದೊಂದು ಉತ್ತರ. ಆದರೆ ಇದರಲ್ಲಿ ಈ ಭಾಗಕ್ಕೆ ನೇರವಾಗಿ ತಟ್ಟುವ ಬಿರುಕೊಂದಿದೆ. ಋತುಮಾನದ ಕಾರ್ಖಾನೆಗಳು ಇದರ ವ್ಯಾಪ್ತಿಯಿಂದ ಹೊರಗಿವೆ. 1948ರ ಕಾಯ್ದೆಯು ಆ ಪಟ್ಟಿಯಲ್ಲಿ ಹೆಸರಿಸಿದ್ದು ಹತ್ತಿ ಜಿನ್ನಿಂಗ್, ಶೇಂಗಾ ಸುಲಿಯುವುದು, ಸಕ್ಕರೆ ಮತ್ತು ಬೆಲ್ಲದ ತಯಾರಿಕೆ ಮೊದಲಾದವನ್ನೇ. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಋತುಮಾನದ ಕಾರ್ಖಾನೆಯನ್ನು ಹೊರಗಿಟ್ಟಿದೆ. ಯಾವೊಬ್ಬ ಮಾಲೀಕನ ನೌಕರನೂ ಅಲ್ಲದ ಮಾರುಕಟ್ಟೆ ಪ್ರಾಂಗಣದ ಹಮಾಲನಿಗೂ ಈ ರಕ್ಷಣೆಯಿಲ್ಲ. ಜಿಲ್ಲೆಯಲ್ಲಿ ಅತ್ಯಂತ ಭಾರದ ಕೆಲಸ ಮಾಡುವವರೇ ಹೀಗೆ ಹೊರಗುಳಿದಿದ್ದಾರೆ.

ಆರೋಗ್ಯ ವಿಮೆಯ ಸ್ಥಿತಿ ಇನ್ನೂ ವಿಚಿತ್ರ. 2017ರ ಕಾಯ್ದೆಯು ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನು ಮಾನಸಿಕ ಅನಾರೋಗ್ಯದಲ್ಲಿ ಸೇರಿಸಿ, ಅದಕ್ಕೆ ದೈಹಿಕ ಅನಾರೋಗ್ಯಕ್ಕೆ ಸಮನಾಗಿ ವಿಮೆ ಒದಗಿಸಬೇಕೆಂದು ಹೇಳಿತು. ಆದರೆ ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ಹೊರಡಿಸಿದ ಪ್ರಮಾಣಿತ ಹೊರಗಿಡುವಿಕೆಗಳ ಪಟ್ಟಿಯಲ್ಲಿ, ಸಂಕೇತ 12ರಡಿ, ಮದ್ಯವ್ಯಸನದ ಚಿಕಿತ್ಸೆ ಮತ್ತು ಅದರ ಪರಿಣಾಮಗಳನ್ನು ಹೊರಗಿಡಲು ಅವಕಾಶವಿದೆ. ‘ಪರಿಣಾಮ’ ಎಂಬ ಮಾತಿನಡಿ ಯಕೃತ್ತಿನ ಕಾಯಿಲೆಯ ಕ್ಲೇಮನ್ನೂ ನಿರಾಕರಿಸಬಹುದು. ಬಲಗೈಯಿಂದ ಕೊಟ್ಟದ್ದನ್ನು ಎಡಗೈಯಿಂದ ಹಿಂಪಡೆದಂತಾಗಿದೆ. ಗುಂಪು ಪಾಲಿಸಿ ಮಾಡಿಸುವ ಸದಸ್ಯರು ನವೀಕರಣದ ಮೊದಲೇ ಈ ಸಂಕೇತವನ್ನು ಓದಿ, ಸಡಿಲಿಕೆ ಸಾಧ್ಯವೇ ಎಂದು ಲಿಖಿತವಾಗಿ ಕೇಳಬೇಕು. ಪ್ರಸ್ತಾವನೆಯ ನಮೂನೆಯಲ್ಲಿ ಕುಡಿತದ ಪ್ರಶ್ನೆಗೆ ‘ಇಲ್ಲ’ ಎಂದು ಬರೆಸುವ ಏಜೆಂಟರ ಮಾತು ಕೇಳಬಾರದು; ದೀರ್ಘಕಾಲದ ಕುಡಿತವನ್ನು ಮರೆಮಾಚಿದ ಪ್ರಕರಣವೊಂದರಲ್ಲಿ ಕ್ಲೇಮು ನಿರಾಕರಿಸಿದ್ದನ್ನು ಸರ್ವೋಚ್ಚ ನ್ಯಾಯಾಲಯವು 2025ರಲ್ಲಿ ಎತ್ತಿಹಿಡಿದಿದೆ.

ಅಪಘಾತದ ಹೊಣೆಯ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಇದೆ. ಕುಡಿದು ಕೆಲಸ ಮಾಡುವಾಗ ಪೆಟ್ಟಾದರೆ ಮಾಲೀಕರು ಪರಿಹಾರ ಕೊಡಬೇಕಿಲ್ಲ ಎಂಬುದು ಅರ್ಧಸತ್ಯ. 1923ರ ಪರಿಹಾರ ಕಾಯ್ದೆಯಿಂದ ಬಂದು 2020ರ ಸಂಹಿತೆಯಲ್ಲಿಯೂ ಉಳಿದಿರುವ ನಿಯಮದಂತೆ, ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯ ಉಂಟಾದರೆ ಈ ವಿನಾಯಿತಿ ಮಾಲೀಕರಿಗೆ ದೊರೆಯುವುದಿಲ್ಲ. ಲಾರಿ ಚಾಲಕರ ವಿಷಯದಲ್ಲಿ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ಮೀರಿದರೆ ಅಪರಾಧ, ಅಂಥ ಅಪಘಾತದಲ್ಲಿ ಸ್ವಂತ ವಾಹನದ ಹಾನಿಯ ಕ್ಲೇಮನ್ನು ವಿಮಾ ಕಂಪನಿ ನಿರಾಕರಿಸಬಹುದು.

ಇ.ಎಸ್.ಐ. ಇಲ್ಲದ ಸಂಸ್ಥೆಯಲ್ಲಿ ಚಿಕಿತ್ಸೆಯ ದಿನಗಳ ಅರ್ಧ ಕೂಲಿ ಮತ್ತು ಪ್ರಯಾಣದ ವೆಚ್ಚವನ್ನು ಮಾಲೀಕರೇ ಭರಿಸುವುದಾದರೆ, ಅದನ್ನು ನೌಕರನ ಮುಂಗಡದ ಬಾಕಿಗೆ ಸೇರಿಸದೆ ನೌಕರರ ಕ್ಷೇಮಾಭಿವೃದ್ಧಿ ವೆಚ್ಚ ಎಂದು ಪ್ರತ್ಯೇಕ ಖಾತೆಯಲ್ಲಿ ಬರೆಯಬೇಕು. ಆಸ್ಪತ್ರೆಯ ಚೀಟಿ, ಬಸ್ ಟಿಕೆಟ್, ಸಹಿ ಮಾಡಿದ ವೋಚರ್ ಇದ್ದರೆ ಅದು ವ್ಯವಹಾರಕ್ಕಾಗಿ ಮಾಡಿದ ಖರ್ಚಾಗಿ ನಿಲ್ಲುತ್ತದೆ. ಹಾಜರಿ ಪುಸ್ತಕದಲ್ಲಿ ‘ಅನಾರೋಗ್ಯ ರಜೆ’ ಎಂದಷ್ಟೇ ಬರೆದರೆ ಸಾಕು. ಕಾಯಿಲೆಯ ಹೆಸರು ಬೇಕಿಲ್ಲ. ಚಿಕಿತ್ಸೆಯ ವಿವರ ಗೋಪ್ಯವಾಗಿರುವುದು ರೋಗಿಯ ಕಾನೂನುಬದ್ಧ ಹಕ್ಕು, ಮತ್ತು ಆ ಪುಸ್ತಕವನ್ನು ದಿವಾಣಜಿಯಿಂದ ಹಿಡಿದು ಕೂಲಿ ಪಡೆಯಲು ಬರುವ ಎಲ್ಲರೂ ನೋಡುತ್ತಾರೆ.