ಇಪ್ಪತ್ತೊಂದು ದಿನಗಳ ನೋಟೀಸು

1917ರಲ್ಲಿ ಅಹಮದಾಬಾದಿಗೆ ಪ್ಲೇಗು ಬಡಿದು, ಜನ ಮನೆಮಠಗಳನ್ನು ತೊರೆದು ಹಳ್ಳಿಗಳತ್ತ ಓಡತೊಡಗಿದಾಗ, ಮಗ್ಗಗಳು ನಿಂತುಹೋದಾವೆಂಬ ಭಯದಿಂದ ಅಲ್ಲಿಯ ಗಿರಣಿಗಳ ಧಣಿಗಳು ನೇಯ್ಗೆಯವರಿಗೆ ಸಂಬಳದ ಮೇಲೆ ಶೇಕಡ 70-80ರವರೆಗೆ ‘ಪ್ಲೇಗ್ ಬೋನಸ್’ ಕೊಡಲಾರಂಭಿಸಿದರು. ಕಾಲಕ್ರಮದಲ್ಲಿ ರೋಗವೇನೋ ಇಳಿಯಿತು; ಯುದ್ಧಕಾಲದಲ್ಲಿ ಏರಿದ ಬೆಲೆಗಳು ಮಾತ್ರ ಇಳಿಯಲಿಲ್ಲ. ರೋಗದ ನಿಮಿತ್ತ ಕೊಟ್ಟದ್ದನ್ನು ರೋಗ ಹೋದಮೇಲೆ ಹಿಂದೆಗೆಯುವುದು ಧಣಿಗಳಿಗೆ ಸಹಜನ್ಯಾಯವೆನಿಸಿದರೆ, ಅದನ್ನೇ ನೆಚ್ಚಿ ಸಂಸಾರ ತೂಗಿಸುತ್ತಿದ್ದವರಿಗೆ ಅದು ಸಂಬಳದ ಕಡಿತವೇ ಆಗಿತ್ತು.

1918ರ ಫೆಬ್ರವರಿಯಲ್ಲಿ ಗಿರಣಿಗಳಿಗೆ ಬೀಗ ಬಿತ್ತು. ಕಾರ್ಮಿಕರ ಪಕ್ಷದಲ್ಲಿ ಅನಸೂಯಾ ಸಾರಾಭಾಯಿ, ಧಣಿಗಳ ಪಕ್ಷದಲ್ಲಿ ಆಕೆಯ ಸ್ವಂತ ಸಹೋದರ ಅಂಬಾಲಾಲ್. ಕಾರ್ಮಿಕರು ಬಯಸಿದ್ದು ಶೇಕಡ 50ರ ಏರಿಕೆ. ಧಣಿಗಳು ಒಪ್ಪಿದ್ದು 20. ಗಾಂಧೀಜಿಯವರು ಲೆಕ್ಕಪತ್ರಗಳನ್ನು ಪರಿಶೀಲಿಸಿ ನ್ಯಾಯವೆಂದು ನಿಶ್ಚಯಿಸಿದ್ದು 35. ಹಸಿವಿನಿಂದ ಕಾರ್ಮಿಕರ ಧೈರ್ಯ ಕುಂದುತ್ತಿರಲು, ಮಾರ್ಚ್ 15ರಂದು ಗಾಂಧೀಜಿ ಉಪವಾಸ ಹಿಡಿದರು. ಮೂರು ದಿನಗಳಲ್ಲಿ ರಾಜಿಯಾಯಿತು. ಆ ರಾಜಿಯ ಗಣಿತವೇ ವಿಲಕ್ಷಣ: ಮೊದಲ ದಿನ ಶೇಕಡ 35, ಎರಡನೆಯ ದಿನ 20, ಮೂರನೆಯ ದಿನದಿಂದ ಮಧ್ಯಸ್ಥರ ತೀರ್ಪು ಬರುವವರೆಗೆ ಇಪ್ಪತ್ತೇಳೂವರೆ. 35ಕ್ಕೆ ಕಾರ್ಮಿಕರೂ 20ಕ್ಕೆ ಧಣಿಗಳೂ ತೊಟ್ಟಿದ್ದ ಪ್ರತಿಜ್ಞೆ ಒಂದೊಂದು ದಿನ ಉಳಿಯಿತಾದರೂ, ಪಗಾರ ಬಟವಾಡೆಯ ಗುಮಾಸ್ತನ ಪಾಡೇನಾಯಿತೋ! ಮಧ್ಯಸ್ಥ ಆನಂದಶಂಕರ ಧ್ರುವರು ಕೊನೆಗೆ 35ನ್ನೇ ವಿಧಿಸಿದರು.

ಕೊಡುತ್ತಿದ್ದುದನ್ನು ಮೊದಲೇ ತಿಳಿಸಿ ನಿಲ್ಲಿಸಬೇಕೆಂಬ ಕಾನೂನು ಅಂದು ಯಾವುದೂ ಇರಲಿಲ್ಲ. ಧಾರವಾಡ, ಬೆಳಗಾವಿಗಳೂ ಸೇರಿದ್ದ ಮುಂಬಯಿ ಪ್ರಾಂತದಲ್ಲಿ 1938ರ ಶಾಸನವು, ಕೆಲಸದ ಷರತ್ತುಗಳನ್ನು ಬದಲಿಸುವ ಮಾಲೀಕನು ಮುಂಚಿತವಾಗಿ ನೋಟೀಸು ಕೊಡತಕ್ಕದ್ದೆಂದು ವಿಧಿಸಿತು. ಅದೇ ತತ್ತ್ವ 1956ರ ತಿದ್ದುಪಡಿಯಿಂದ, 1947ರ ಕೈಗಾರಿಕಾ ವಿವಾದಗಳ ಕಾಯಿದೆಯಲ್ಲಿ 9ಎ ಎಂಬ ಕಲಮಾಗಿ ಸೇರಿ ದೇಶಕ್ಕೆಲ್ಲ ಅನ್ವಯಿಸಿತು: ವೇತನ, ಭತ್ಯ, ಭವಿಷ್ಯನಿಧಿಯ ವಂತಿಗೆ, ರಜೆ, ಪಾಳಿ ಇವುಗಳಲ್ಲಿ ಬದಲಾವಣೆಗೆ 21 ದಿನಗಳ ನೋಟೀಸು. ಬರಹದಲ್ಲಿಲ್ಲದೆ ರೂಢಿಯಿಂದ ಬಂದ ಸವಲತ್ತನ್ನೂ ಆ ಪಟ್ಟಿ ಬಿಟ್ಟಿಲ್ಲವೆಂಬುದೇ ನನ್ನ ದೃಷ್ಟಿಯಲ್ಲಿ ಅದರ ಹಿರಿಮೆ. ಗುವಾಹಾಟಿಯ ತೈಲ ಶುದ್ಧೀಕರಣಾಗಾರದಲ್ಲಿ ‘ಅಸ್ಸಾಂ ಪರಿಹಾರ ಭತ್ಯ’ವನ್ನು ನೋಟೀಸಿಲ್ಲದೆ ನಿಲ್ಲಿಸಿದ್ದು ಸಲ್ಲದೆಂದು ಸುಪ್ರೀಂ ಕೋರ್ಟು 1975ರಲ್ಲಿ ತೀರ್ಪಿತ್ತಿತು.

ಕಾನೂನು ಬದಲಾವಣೆಯನ್ನೇ ನಿಷೇಧಿಸಿದೆಯೆಂದು ಹಲವರು ಭ್ರಮಿಸುವುದುಂಟು. ಅದು ಕೊಡುವುದು ಕಾಲಾವಕಾಶವನ್ನು. ಆ ಮೂರು ವಾರಗಳಲ್ಲಿ ಸಂಘವು ತಕರಾರೆತ್ತಿ, ರಾಜಿಸಂಧಾನ ಆರಂಭವಾಯಿತೆಂದರೆ, ವಿವಾದಕ್ಕೊಳಗಾದ ಷರತ್ತನ್ನು ಸಂಧಾನ ಮುಗಿಯುವ ತನಕ ಕಾರ್ಮಿಕರಿಗೆ ನಷ್ಟವಾಗುವಂತೆ ಬದಲಿಸಲಾಗದು. ಸಂಘವಿಲ್ಲದೆಡೆ ಈ ಅವಕಾಶ ಸುಮ್ಮನೆ ಕಳೆದುಹೋಗುವುದೂ ಉಂಟು.

2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ 40ನೆಯ ಕಲಮಿನಡಿ ಆ 21 ದಿನಗಳು ಉಳಿದಿವೆ. ಆದರೆ ಅದರ ಆಶ್ರಯ ‘ಕಾರ್ಮಿಕ’ನೆನಿಸಿಕೊಂಡವನಿಗೆ ಮಾತ್ರ, ವ್ಯವಸ್ಥಾಪಕರೂ, ತಿಂಗಳಿಗೆ 18,000 ರೂಪಾಯಿ ಮೀರಿ ವೇತನ ಪಡೆಯುವ ಮೇಲ್ವಿಚಾರಕರೂ ಹೊರಗೆ. ಅಂಥವರು ನೇಮಕಾತಿ ಪತ್ರವನ್ನೇ ನೆಚ್ಚಬೇಕು. ಅದರ ಕೊನೆಯ ಪುಟದಲ್ಲಿಯೋ, ಷರತ್ತುಗಳನ್ನು ಯಾವಾಗ ಬೇಕಾದರೂ ಬದಲಿಸುವ ಹಕ್ಕು ಕಂಪನಿಗೆ ಸೇರಿದ್ದೆಂಬ ಸಾಲೊಂದು ಬಹುಶಃ ಇದ್ದೇ ಇರುತ್ತದೆ.