ನಡುನೋವು

ನೆಟ್ಟಗೆ ನಿಂತು ನಡೆಯಲು ಕಲಿತ ಮನುಷ್ಯನಿಗೆ ನಡುವಿನ ನೋವು ಹೊಸದಲ್ಲ. ಮೈಸೂರಿನ ಕಡೆ ಸೊಂಟನೋವೆಂದೂ ಬಿಜಾಪುರದ ಸೀಮೆಯಲ್ಲಿ ನಡನೋವು, ಟೊಂಕನೋವು ಎಂದೂ ಕರೆಯುವ ಈ ಬಾಧೆಯನ್ನು ಜೀವಮಾನದಲ್ಲಿ ಒಮ್ಮೆಯೂ ಅನುಭವಿಸದವರು ವಿರಳ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2020ರಲ್ಲಿ ಲೋಕದಲ್ಲಿ ಸುಮಾರು 61 ಕೋಟಿ 90 ಲಕ್ಷ ಜನ ಇದರಿಂದ ನರಳಿದರು. ಪ್ರಾಣಕ್ಕೆ ಅಪಾಯವಿಲ್ಲವೆಂಬ ಕಾರಣದಿಂದ ನಾವು ಇದನ್ನು ಹಗುರವಾಗಿ ಎಣಿಸುತ್ತೇವೆ. ಆದರೆ ದಿನಗೂಲಿಯವನ ನಡು ಹಿಡಿದರೆ ಆ ಮನೆಯಲ್ಲಿ ಒಲೆ ಹೊತ್ತುವುದು ಕಷ್ಟ.

ಬೆನ್ನೆಲುಬಿನ ಕೆಳಭಾಗದಲ್ಲಿ ಐದು ದೊಡ್ಡ ಮಣಿಗಳುಂಟು. ಒಂದು ಮಣಿಗೂ ಇನ್ನೊಂದು ಮಣಿಗೂ ನಡುವೆ ಮೆತ್ತೆಯಂತಿರುವ ಒಂದೊಂದು ಬಿಲ್ಲೆ; ಸುತ್ತಲೂ ಸ್ನಾಯುಗಳೂ ಕಟ್ಟುಗಳೂ; ಮಧ್ಯದ ಕಾಲುವೆಯಲ್ಲಿ ನರಗಳು. ಮೇಲಿನ ದೇಹದ ಭಾರವೆಲ್ಲ ಇಲ್ಲಿಗೇ ಇಳಿಯುವುದು. ನೋವಿಗೆ ಸಾಮಾನ್ಯ ಕಾರಣ ಸ್ನಾಯುಗಳ ಮತ್ತು ಕಟ್ಟುಗಳ ಉಳುಕು. ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ರೋಗಿಗಳಲ್ಲಿ ಇಂಥದೇ ಕಾರಣವೆಂದು ಬೆರಳಿಟ್ಟು ತೋರಿಸುವುದು ವೈದ್ಯನಿಗೂ ಸಾಧ್ಯವಾಗದು. ಕೆಲವರಲ್ಲಿ ಬಿಲ್ಲೆ ಹೊರಕ್ಕೆ ಉಬ್ಬಿ ನರವನ್ನು ಒತ್ತುತ್ತದೆ. ಆಗ ನೋವು ಪೃಷ್ಠದಿಂದ ಕಾಲಿನ ಹಿಂಬದಿಯಲ್ಲಿ ಪಾದದವರೆಗೂ ಸೆಳೆಯುತ್ತದೆ. ಆಯುರ್ವೇದದವರು ಗೃಧ್ರಸಿಯೆಂದು ಹೇಳುವುದು ಇದನ್ನೇ. ಬಿಲ್ಲೆಗೂ ಈ ಸೆಳೆತಕ್ಕೂ ಇರುವ ಸಂಬಂಧವನ್ನು ಮಿಕ್ಸ್‌ಟರ್ ಮತ್ತು ಬಾರ್ ಎಂಬ ಅಮೆರಿಕದ ಇಬ್ಬರು ಶಸ್ತ್ರವೈದ್ಯರು 1934ರಲ್ಲಿ ಸ್ಪಷ್ಟಪಡಿಸಿದರು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲ್ಲೂಕುಗಳ ಬದುಕನ್ನು ನೋಡಿದವರಿಗೆ ಅಲ್ಲಿ ನಡುವಿಗೆ ಎಷ್ಟು ಕೆಲಸವೆಂಬುದು ತಿಳಿದೇ ಇರುತ್ತದೆ. ಎರೆಯ ಹೊಲದಲ್ಲಿ ಹಿಂಗಾರಿ ಜೋಳವನ್ನು ಬೇರುಸಹಿತ ಕೀಳುವವರು ಬೆಳಗಿನಿಂದ ಮಧ್ಯಾಹ್ನದವರೆಗೆ ಬಾಗಿದ ಬೆನ್ನನ್ನು ಎತ್ತುವುದಿಲ್ಲ. ಕುರ್ಪಿ ಹಿಡಿದು ಕಳೆ ತೆಗೆಯುವ ಹೆಂಗಸರು ಕುಕ್ಕರುಗಾಲಿನಲ್ಲಿ ಸಾಲಿನಿಂದ ಸಾಲಿಗೆ ಸರಿಯುತ್ತಾರೆ. ಇಂಡಿಯ ಲಿಂಬೆಯ ತೋಟಗಳಲ್ಲಿ ಉದುರಿದ ಹಣ್ಣನ್ನು ಆಯುವುದೂ ಚೀಲ ಹೊರುವುದೂ ಅದೇ ಬಗೆಯ ದುಡಿಮೆ. ಮನೆಗೆ ಬಂದ ಮೇಲೆ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುವ ಕೆಲಸ, ಟೊಂಕದ ಮೇಲೆ ನೀರಿನ ಕೊಡ. ಕಾಯಕವನ್ನು ಎತ್ತಿ ಹಿಡಿದ ಬಸವಣ್ಣನವರು ಹುಟ್ಟಿದ ನೆಲವಿದು. ದುಡಿಯಬೇಡಿರೆಂದು ಅಲ್ಲಿಯವರಿಗೆ ಹೇಳುವುದು ಯಾರಿಂದಲೂ ಆಗದು. ಉದ್ದ ಹಿಡಿಯ ಕಳೆಗುದ್ದಲಿಯನ್ನು ಕೊಟ್ಟರೆ ನಿಂತೇ ಕಳೆ ತೆಗೆಯಬಹುದೆಂದು ಹೇಳಬಹುದಷ್ಟೆ.

ಹಾಗೆಂದು ಪಟ್ಟಣದ ಕೇಳುಗರು ತಾವು ಪಾರಾದೆವೆಂದು ತಿಳಿಯತಕ್ಕದ್ದಲ್ಲ. ಸ್ವೀಡನ್ನಿನ ನಾಕೆಮ್ಸನ್ ಎಂಬ ವೈದ್ಯನು 1960ರ ದಶಕದಲ್ಲಿ ಬಿಲ್ಲೆಯೊಳಗಿನ ಒತ್ತಡವನ್ನೇ ಅಳೆದು, ನಿಂತಾಗಿಗಿಂತ ಒರಗಿಲ್ಲದೆ ಕುಳಿತಾಗ ಅದು ಹೆಚ್ಚೆಂದು ಕಂಡನು. ಕಛೇರಿಯ ಮೇಜಿನ ಮೇಲೆ ಬಗ್ಗಿ ಎಂಟು ಗಂಟೆ ಕುಳಿತವನ ನಡುವೂ ದಣಿಯುತ್ತದೆ. ವ್ಯತ್ಯಾಸವೆಂದರೆ ಅವನಿಗೆ ರಜೆಯುಂಟು.

ಉಪಚಾರದ ಮಾತಿಗೆ ಬರೋಣ. ನಡು ಹಿಡಿದೊಡನೆ ಹಾಸಿಗೆ ಹಿಡಿಯಬೇಕೆಂಬುದು ಹಳೆಯ ನಂಬಿಕೆ; ವೈದ್ಯರೂ ಬಹುಕಾಲ ಹಾಗೆಯೇ ಹೇಳುತ್ತಿದ್ದರು. 1986ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಪರೀಕ್ಷೆಯಲ್ಲಿ ಏಳು ದಿನ ಮಲಗಿದವರಿಗಿಂತ ಎರಡೇ ದಿನ ಮಲಗಿದವರು ಬೇಗನೆ ಕೆಲಸಕ್ಕೆ ಮರಳಿದರು. ಈಗಿನ ಅಭಿಪ್ರಾಯವೆಂದರೆ, ತಡೆಯಲಾರದ ನೋವಿದ್ದಾಗ ಒಂದೆರಡು ದಿನ ಸುಧಾರಿಸಿಕೊಂಡು, ಆಮೇಲೆ ಆದಷ್ಟು ನಡೆದಾಡುವುದೇ ಮೇಲು. ಬಿಸಿನೀರಿನ ಚೀಲದಿಂದಲೋ, ಬಟ್ಟೆಯಲ್ಲಿ ಕಟ್ಟಿ ಕಾಯಿಸಿದ ಉಪ್ಪಿನಿಂದಲೋ ಶಾಖ ಕೊಟ್ಟರೆ ಸ್ನಾಯು ಸಡಿಲಾಗುತ್ತದೆ. ಎಳ್ಳೆಣ್ಣೆಯನ್ನಾಗಲಿ ಆ ಸೀಮೆಯ ಕುಸುಬಿಯ ಎಣ್ಣೆಯನ್ನಾಗಲಿ ಹಚ್ಚಿ ಮೃದುವಾಗಿ ತಿಕ್ಕುವುದರಿಂದ ಹಿತವುಂಟು. ಹಿತವು ಎಣ್ಣೆಯದೋ ತಿಕ್ಕುವ ಕೈಯದೋ ಎಂದು ವಾದಿಸುವುದು ಬೇಡ. ಗಟ್ಟಿ ನೆಲದ ಮೇಲೆಯೇ ಮಲಗಬೇಕೆಂಬ ನಿಯಮವಿಲ್ಲ. ತೀರ ಗಟ್ಟಿಯೂ ಅಲ್ಲದ, ತಗ್ಗು ಬೀಳುವಷ್ಟು ಮೆತ್ತಗೂ ಅಲ್ಲದ ಹಾಸಿಗೆ ಲೇಸು. ಭಾರ ಎತ್ತುವಾಗ ಮೊಣಕಾಲು ಮಡಿಸಿ, ಹೊರೆಯನ್ನು ಮೈಗೆ ಹತ್ತಿರ ತಂದುಕೊಂಡು ಏಳತಕ್ಕದ್ದು. ಇಷ್ಟರಿಂದಲೇ ಬಹುಮಂದಿಗೆ ಕೆಲವು ವಾರಗಳಲ್ಲಿ ನೋವು ತಗ್ಗುತ್ತದೆ.

ಕಾಲು ಮುಂದಾಗಿ ಹುಟ್ಟಿದವರಿಂದ ನಡುವಿಗೆ ಒದೆಸಿಕೊಳ್ಳುವ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಉಂಟು. ಒದೆ ಮೆಲ್ಲಗಿದ್ದರೆ ಹಾನಿಯಿಲ್ಲ, ಗುಣವೂ ಇಲ್ಲ. ಬರೆ ಹಾಕಿಸುವುದು ಮಾತ್ರ ಕ್ರೂರವಾದ ವ್ಯರ್ಥ ಕರ್ಮ. ನೋವಿನ ಮಾತ್ರೆಗಳನ್ನು ತಿಂಗಳುಗಟ್ಟಲೆ ತಾವಾಗಿಯೇ ನುಂಗುವವರು ಜಠರವನ್ನೂ ಮೂತ್ರಪಿಂಡವನ್ನೂ ಕೆಡಿಸಿಕೊಳ್ಳುತ್ತಾರೆ.

ಕೆಲವು ಲಕ್ಷಣಗಳು ಕಂಡಾಗ ಮನೆಯ ಉಪಚಾರ ಸಲ್ಲದು. ಮೂತ್ರ ಕಟ್ಟುವುದು ಅಥವಾ ತಡೆಯಿಲ್ಲದೆ ಹೋಗುವುದು, ತೊಡೆಗಳ ಸಂಧಿಯಲ್ಲಿ ಜೋಮು, ಕಾಲಿನ ಶಕ್ತಿ ಕುಂದುವುದು, ಇವು ಕಂಡರೆ ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಜ್ವರ, ಮೈ ಇಳಿಯುವುದು, ರಾತ್ರಿ ಮಲಗಿದರೂ ಬಿಡದ ನೋವು ಇದ್ದಲ್ಲಿ ಬೆನ್ನೆಲುಬಿನ ಕ್ಷಯವೇ ಮೊದಲಾದವುಗಳ ಸಂಶಯ ತಾಳಬೇಕು. ಕ್ಷಯವು ಶ್ವಾಸಕೋಶಕ್ಕೆ ಮಾತ್ರ ಬರುತ್ತದೆಂಬುದು ತಪ್ಪು ತಿಳಿವಳಿಕೆ.

ಇನ್ನು ಈ ನಾಲ್ಕು ತಾಲ್ಲೂಕುಗಳ ಮಟ್ಟಿಗೆ ವಿಶೇಷವಾದ ಒಂದು ಕಾರಣವಿದೆ. ಅದು ಕುಡಿಯುವ ನೀರು. ಇಂಡಿ, ಸಿಂದಗಿಗಳ ಅಂಚಿನಲ್ಲಿ ಭೀಮೆ, ಬಾಗೇವಾಡಿ, ಮುದ್ದೇಬಿಹಾಳಗಳ ಅಂಚಿನಲ್ಲಿ ಕೃಷ್ಣೆ ಹರಿಯುತ್ತಿದ್ದರೂ ನಡುವಣ ಊರುಗಳು ಬಹುಕಾಲ ಬಾವಿಗಳನ್ನೂ ಕೊಳವೆಬಾವಿಗಳನ್ನೂ ನಂಬಿದವು. ಅವುಗಳಲ್ಲಿ ಹಲವುಗಳ ನೀರಿನಲ್ಲಿ ಫ್ಲೋರೈಡ್ ಎಂಬ ಲವಣಾಂಶ ಮಿತಿಮೀರಿ ಕಂಡುಬಂದಿದೆ. ಲೀಟರಿಗೆ 1.5 ಮಿಲಿಗ್ರಾಮಿಗಿಂತ ಹೆಚ್ಚಿರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಮಿತಿಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರ ಎಲುಬುಗಳು ದಪ್ಪವಾಗಿ, ಬೆನ್ನಿನ ಕಟ್ಟುಗಳು ಸುಣ್ಣಗಟ್ಟಿ, ನಡುವೂ ಕತ್ತೂ ಮರದ ಕೊರಡಿನಂತೆ ಬಿಗಿಯುತ್ತವೆ. ಕೊನೆಗೆ ಬಗ್ಗಿ ನೆಲ ಮುಟ್ಟುವುದೇ ಅಸಾಧ್ಯವಾಗುತ್ತದೆ. ಮದರಾಸು ಆಧಿಪತ್ಯದ ನೆಲ್ಲೂರು ಜಿಲ್ಲೆಯಲ್ಲಿ ಈ ವ್ಯಾಧಿಯನ್ನು ಷಾರ್ಟ್ ಮತ್ತು ಆತನ ಸಂಗಡಿಗರು 1937ರಲ್ಲಿ ವಿವರಿಸಿದರು. ಅದಕ್ಕೂ ಮೊದಲೇ ಎತ್ತುಗಳು ನಡೆಯಲಾರದೆ ನಿಂತುದನ್ನು ಅಲ್ಲಿಯ ಒಕ್ಕಲಿಗರು ಕಂಡಿದ್ದರೆಂದು ಹೇಳುತ್ತಾರೆ.

ದುಡಿಮೆಯ ನೋವಿಗೂ ಈ ನೋವಿಗೂ ಮೊದಮೊದಲು ಭೇದ ತೋರದು; ಇದೇ ಇದರ ಮೋಸ. ನಡುವಯಸ್ಸಿನವನು ತನ್ನ ಬೆನ್ನನ್ನು ಹೊಲಕ್ಕೆ ಕೊಟ್ಟೆನೆಂದುಕೊಂಡಿರುತ್ತಾನೆ, ಕೊಡದ ನೀರಿನ ಮೇಲೆ ಅವನಿಗೆ ಸಂಶಯವೇ ಬರುವುದಿಲ್ಲ. ಸುಳಿವನ್ನು ಊರಿನ ಮಕ್ಕಳ ಬಾಯಲ್ಲಿ ನೋಡಬೇಕು. ಸುಮಾರು ಎಂಟು ವರ್ಷದೊಳಗೆ ಇಂಥ ನೀರು ಕುಡಿದ ಮಕ್ಕಳ ಹಲ್ಲುಗಳಲ್ಲಿ ಸುಣ್ಣದಂಥ ಬಿಳಿ ಗೆರೆಗಳೋ ಕಂದು ಕಲೆಗಳೋ ಮೂಡುತ್ತವೆ. ಉಜ್ಜಿದರೆ ಹೋಗುವ ಕೊಳೆಯಲ್ಲ ಅದು. ಅಂಥ ಊರಿನಲ್ಲಿ ನಡುನೋವಿಗೆ ಎಣ್ಣೆ ತಿಕ್ಕಿ ಫಲವೇನು?

ನೀರನ್ನು ಕುದಿಸಿದರೆ ದೋಷ ಹೋಗುವುದೆಂದು ಓದಿದವರೂ ನಂಬುತ್ತಾರೆ. ಕುದಿಸಿದರೆ ಕ್ರಿಮಿಗಳು ಸಾಯುತ್ತವೆ, ಫ್ಲೋರೈಡ್ ಉಳಿಯುತ್ತದೆ. ನೀರು ಆವಿಯಾಗಿ ಕಡಿಮೆಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಪಟಿಕವನ್ನೂ ಸುಣ್ಣವನ್ನೂ ಅಳತೆಯಂತೆ ಹಾಕಿ ಕದಡಿ ತಿಳಿಗೊಳಿಸುವ ನಲಗೊಂಡ ವಿಧಾನವನ್ನು ನಾಗಪುರದ ಸಂಶೋಧನಾಲಯದವರು 1970ರ ದಶಕದಲ್ಲಿ ರೂಪಿಸಿದರು. ಅಳತೆ ತಪ್ಪಿದರೆ ಬೇರೆ ತೊಂದರೆಯುಂಟಾದುದರಿಂದ ಇದನ್ನು ಬಲ್ಲವರ ಕೈಯಿಂದಲೇ ಮಾಡಿಸಬೇಕು. ಮಾಳಿಗೆಯ ಮೇಲಿನ ಮಳೆನೀರನ್ನು ಶುಚಿಯಾಗಿ ಹಿಡಿದಿಟ್ಟುಕೊಂಡರೆ ಅದರಲ್ಲಿ ಈ ದೋಷ ಇಲ್ಲವೆಂದೇ ಹೇಳಬಹುದು. ನದಿಯ ನೀರು ನಳದಲ್ಲಿ ಬರುವ ಊರಿನಲ್ಲಿ ರುಚಿಗೆಂದು ಹಳೆಯ ಕೊಳವೆಬಾವಿಗೆ ಹೋಗುವುದನ್ನು ಬಿಡಬೇಕು. ಹಾಲು ಮಜ್ಜಿಗೆ ಸೊಪ್ಪುಗಳುಳ್ಳ ಊಟ ಎಲುಬಿಗೆ ಒಂದಿಷ್ಟು ಆಸರೆ. ಬಿಗಿದುಹೋದ ಬೆನ್ನನ್ನು ಸಡಿಲಿಸುವ ಔಷಧಿಯಿಲ್ಲ. ಬಾವಿಯ ನೀರನ್ನು ಒಂದು ಶುಭ್ರವಾದ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ, ಯಾವ ಊರು, ಯಾವ ಬಾವಿ ಎಂದು ಚೀಟಿ ಅಂಟಿಸಿ, ನೀರು ಪರೀಕ್ಷಿಸುವ ಸರ್ಕಾರಿ ಪ್ರಯೋಗಾಲಯಕ್ಕೆ ಕಳುಹಿಸಿದರೆ ಅದರ ಪ್ರಮಾಣ ತಿಳಿಯುತ್ತದೆ.